ಬದಲಾಗುವ ವಿಳಾಸ, ಬದಲಾಗದ ಸಂಶಯ

ವೈಟ್‌ಫೀಲ್ಡ್‌ನಲ್ಲಿ ಮಳೆ ಬಂದರೆ ಮೊದಲು ಹೋಗುವುದು ವಿದ್ಯುತ್, ಅದರ ಹಿಂದೆಯೇ ಅಂತರ್ಜಾಲ. ಇಂಥದೇ ಒಂದು ಮುಂಗಾರಿನ ಸಂಜೆ ಮಗಳ ಕಾಲೇಜು ಶುಲ್ಕ ಕಟ್ಟಲು ಕುಳಿತಿದ್ದೆ. ಅದೇ ಕೊನೆಯ ದಿನ. ಬ್ಯಾಂಕಿನ ಜಾಲತಾಣದೊಳಗೆ ಹೋಗಿ ಮೊತ್ತವನ್ನು ನಮೂದಿಸುವ ಹೊತ್ತಿಗೆ ದೀಪ ಆರಿತು. ಎರಡು ನಿಮಿಷದಲ್ಲಿ ಅಪಾರ್ಟ್‌ಮೆಂಟಿನ ಜನರೇಟರ್ ಗುಡುಗಿ, ರೂಟರಿನ ಹಸಿರು ದೀಪಗಳು ಮತ್ತೆ ಹೊತ್ತಿಕೊಂಡವು. ಆದರೆ ಬ್ಯಾಂಕು ಅಷ್ಟರಲ್ಲಿ ನನ್ನನ್ನು ಹೊರಗೆ ಹಾಕಿತ್ತು. ಮತ್ತೆ ಲಾಗಿನ್, ಮತ್ತೆ ಮೊಬೈಲಿಗೆ ಬಂದ ಆರಂಕಿಯ ಸಂಖ್ಯೆ, ಮತ್ತೆ ಕರೆಂಟು ಮಾಯ. ತಾಳ್ಮೆ ಕಳೆದುಕೊಂಡು ಮೊಬೈಲ್ ಡೇಟಾ ಮೂಲಕ ಪ್ರಯತ್ನಿಸಿದೆ. ಈ ಬಾರಿ ಪರದೆಯ ಮೇಲೆ ಮೂಡಿದ್ದು ಕೆಂಪಕ್ಷರದ ಸಂದೇಶ: ನಿಮ್ಮ ಖಾತೆಯಲ್ಲಿ ಸಂಶಯಾಸ್ಪದ ಚಟುವಟಿಕೆ ಕಂಡುಬಂದಿದ್ದು, ಸುರಕ್ಷತೆಯ ದೃಷ್ಟಿಯಿಂದ 24 ಗಂಟೆಗಳ ಕಾಲ ಸೇವೆಯನ್ನು ಸ್ಥಗಿತಗೊಳಿಸಲಾಗಿದೆ.

ಮರುದಿನ ಸಹಾಯವಾಣಿಯಲ್ಲಿ ಸಿಕ್ಕ ಯುವತಿ ಸೌಜನ್ಯದಿಂದಲೇ ವಿವರಿಸಿದರು. ಅರ್ಧ ಗಂಟೆಯೊಳಗೆ ನನ್ನ ಖಾತೆಯನ್ನು ಮೂರು ಬೇರೆ ಬೇರೆ ಐ.ಪಿ. ವಿಳಾಸಗಳಿಂದ ತೆರೆಯಲಾಗಿತ್ತಂತೆ. ಮೂರನೆಯದು ಚೆನ್ನೈನದಂತೆ. ನಾನು ಆ ಅರ್ಧ ಗಂಟೆಯಲ್ಲಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ ಎಂದೆ. ‘ವ್ಯವಸ್ಥೆ ಹಾಗೆ ತೋರಿಸುತ್ತಿದೆ ಸರ್’ ಎಂದರು. ಕಾಲೇಜಿಗೆ ದಂಡ ಸಹಿತ ಶುಲ್ಕ ಕಟ್ಟಿದ್ದಾಯಿತು.

ಇದಿಷ್ಟೇ ಆಗಿದ್ದರೆ ಓದುಗರ ಮುಂದಿಡುವಷ್ಟು ದೊಡ್ಡ ಸಂಗತಿಯಲ್ಲ. ಆದರೆ ‘ವ್ಯವಸ್ಥೆ ಹಾಗೆ ತೋರಿಸುತ್ತಿದೆ’ ಎಂಬ ಇದೇ ಮಾತು ಇದೇ ಊರಿನ ಒಬ್ಬ ತರುಣನನ್ನು ಜೈಲಿಗೆ ಕಳಿಸಿತ್ತು ಎಂಬುದು ನೆನಪಾದಾಗ ನನ್ನ ಕಿರಿಕಿರಿ ಆತಂಕವಾಗಿ ಬದಲಾಯಿತು.

2007ರ ಆಗಸ್ಟ್ ಕೊನೆಯಲ್ಲಿ ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿದರು. ಅಂದು ಜನಪ್ರಿಯವಾಗಿದ್ದ ಆರ್ಕುಟ್ ಜಾಲತಾಣದಲ್ಲಿ ಛತ್ರಪತಿ ಶಿವಾಜಿಯನ್ನು ಅವಹೇಳನ ಮಾಡುವ ಬರಹ ಪ್ರಕಟವಾಗಿತ್ತು. ಅದನ್ನು ಹಾಕಿದವರ ಐ.ಪಿ. ವಿಳಾಸವನ್ನು ಪಡೆದ ಪೊಲೀಸರು, ಆ ವಿಳಾಸ ಯಾರದೆಂದು ಏರ್‌ಟೆಲ್ ಕಂಪನಿಯನ್ನು ಕೇಳಿದರು. ಕಂಪನಿ ಕೊಟ್ಟದ್ದು ಈ ತರುಣನ ಹೆಸರು. ಅದು ತಪ್ಪು ಮಾಹಿತಿಯಾಗಿತ್ತು. ವಿವರ ಕೇಳುವಾಗ ಬೆಳಗಿನ ವೇಳೆಯೋ ಮಧ್ಯಾಹ್ನದ ನಂತರದ ವೇಳೆಯೋ ಎಂಬುದು ಸ್ಪಷ್ಟವಾಗಿರಲಿಲ್ಲ ಎಂದೂ ಅಂದು ವರದಿಯಾಗಿತ್ತು. ಗೊಂದಲ ಎಲ್ಲಿಯದೇ ಇರಲಿ, ಅದರ ಬೆಲೆ ತೆತ್ತವನು ಮಾತ್ರ ಅದಕ್ಕೆ ಸಂಬಂಧವೇ ಇಲ್ಲದ ವ್ಯಕ್ತಿ. ಆತ ಸುಮಾರು 50 ದಿನಗಳನ್ನು ಯೆರವಾಡದ ಜೈಲಿನಲ್ಲಿ ಕಳೆದ.

ಈ ಎರಡು ಘಟನೆಗಳ ಗಾತ್ರ ಬೇರೆ, ಬೇರು ಒಂದೇ. ಗಂಟೆಗಂಟೆಗೂ ಕೈ ಬದಲಾಯಿಸುವ ಒಂದು ಸಂಖ್ಯೆಯನ್ನು ಮನುಷ್ಯನ ಗುರುತು ಎಂದು ನಂಬಿದ್ದು.

ಐ.ಪಿ. ವಿಳಾಸವೆಂದರೆ ಅಂತರ್ಜಾಲದ ಸೇವೆ ಕೊಡುವ ಕಂಪನಿಯು ನಮ್ಮ ಸಂಪರ್ಕಕ್ಕೆ ನೀಡುವ ಸಂಖ್ಯೆ. ಹೆಸರಿನಲ್ಲಿ ‘ವಿಳಾಸ’ ಎಂದಿರುವುದರಿಂದ ಮನೆಯ ಬಾಗಿಲ ಮೇಲಿನ ಸಂಖ್ಯೆಯಂತೆ ಅದು ಸ್ಥಿರ ಎಂದು ಭಾವಿಸುತ್ತೇವೆ. ನಿಜದಲ್ಲಿ ಬಹುತೇಕ ಮನೆಗಳಿಗೆ ಅದು ಎರವಲು. ರೂಟರ್ ಆರಿ ಮತ್ತೆ ಹೊತ್ತಿಕೊಂಡಾಗ ಹಳೆಯ ಸಂಖ್ಯೆ ಇನ್ನೊಬ್ಬರ ಪಾಲಾಗಿ, ನಮಗೆ ಹೊಸದು ಸಿಗಬಹುದು. ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ ಪಿ.ಜಿ.ಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಮೂರನೇ ಮಹಡಿಯ ಎರಡನೇ ಮಂಚದಲ್ಲಿ ಈ ತಿಂಗಳು ರಾಯಚೂರಿನ ಹುಡುಗ, ಮುಂದಿನ ತಿಂಗಳು ಒಡಿಶಾದವನು. ಮಂಚದ ಸಂಖ್ಯೆಯನ್ನು ಮಾತ್ರ ಬರೆದುಕೊಂಡು ತಾರೀಖನ್ನು ಬರೆದುಕೊಳ್ಳದ ಮಾಲೀಕ, ನಾಳೆ ಪೊಲೀಸರು ಬಂದು ಕೇಳಿದರೆ ಯಾರತ್ತ ಬೆರಳು ತೋರಿಸಿಯಾನು?

ಈ ಎರವಲು ಪದ್ಧತಿ ಯಾರ ಕಿತಾಪತಿಯೂ ಅಲ್ಲ, ಬರಗಾಲದ ಫಲ. ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ವಿಳಾಸ ಪದ್ಧತಿಯು 1981ರಲ್ಲಿ ರೂಪುಗೊಂಡಿತು. ಅದರಲ್ಲಿ ಸಾಧ್ಯವಿರುವ ಒಟ್ಟು ಸಂಖ್ಯೆಗಳು ಸುಮಾರು 430 ಕೋಟಿ. ಕೆಲವೇ ಸಂಶೋಧನಾಲಯಗಳನ್ನು ಜೋಡಿಸಲು ಹೊರಟಿದ್ದವರಿಗೆ ಅದು ಅಕ್ಷಯ ಪಾತ್ರೆಯಂತೆ ಕಂಡಿರಬೇಕು. ಇಂದು ಜಗತ್ತಿನ ಜನಸಂಖ್ಯೆಯೇ 800 ಕೋಟಿಯನ್ನು ದಾಟಿದೆ. ಒಬ್ಬೊಬ್ಬರ ಬಳಿ ಎರಡು ಮೂರು ಉಪಕರಣಗಳಿವೆ. 2011ರ ಫೆಬ್ರುವರಿಯಲ್ಲಿ ಜಾಗತಿಕ ದಾಸ್ತಾನು ಬರಿದಾಯಿತು. ಅದೇ ಏಪ್ರಿಲ್‌ನಲ್ಲಿ ಏಷ್ಯಾ ಪೆಸಿಫಿಕ್ ವಲಯದ ಕಣಜವೂ ತಳ ಕಂಡು ಹಂಚಿಕೆಗೆ ಪಡಿತರ ಪದ್ಧತಿ ಬಂತು. ಅಲ್ಲಿಂದೀಚೆಗೆ ಕಂಪನಿಗಳು ಒಂದೇ ಸಂಖ್ಯೆಯನ್ನು ಏಕಕಾಲಕ್ಕೆ ನೂರಾರು ಗ್ರಾಹಕರಿಗೆ ಹಂಚುವ ವಿಧಾನವನ್ನು ಹೆಚ್ಚು ಹೆಚ್ಚಾಗಿ ಅವಲಂಬಿಸಿದವು. ಕಚೇರಿಗೆ ಒಂದೇ ದೂರವಾಣಿ ಸಂಖ್ಯೆ, ಒಳಗೆ ಪ್ರತಿ ಮೇಜಿಗೊಂದು ಎಕ್ಸ್‌ಟೆನ್ಷನ್ ಇದ್ದಂತೆ. ಇಲ್ಲಿ ಎಕ್ಸ್‌ಟೆನ್ಷನ್ನಿನ ಕೆಲಸ ಮಾಡುವುದನ್ನು ಪೋರ್ಟ್ ಸಂಖ್ಯೆ ಎನ್ನುತ್ತಾರೆ. ಮಂಚದ ಹೋಲಿಕೆಯೂ ಇಲ್ಲಿಗೆ ಸಾಲದಾಗುತ್ತದೆ. ಒಂದೇ ಮಂಚದ ಮೇಲೆ ಒಂದೇ ರಾತ್ರಿ ನೂರು ಜನ ಮಲಗಿರುವ ಸ್ಥಿತಿ ಇದು.

ಹೊಸ ವಿಳಾಸ ಪದ್ಧತಿ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ವಾದವಿದೆ. 1998ರಲ್ಲಿಯೇ ನಿರೂಪಿತವಾದ ಐ.ಪಿ. ಆರನೇ ಆವೃತ್ತಿಯಲ್ಲಿ ಸಂಖ್ಯೆಗಳಿಗೆ ಕೊರತೆಯೆಂಬುದೇ ಇಲ್ಲ. 2016ರಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ಅದರ ಬಳಕೆಯಲ್ಲಿ ಭಾರತ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿಗೆ ಸೇರಿದೆ. ಆದರೆ ಅಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಒಂದೇ ಸಂಖ್ಯೆ ಶಾಶ್ವತವಾಗಿ ಅಂಟಿಕೊಂಡರೆ ಜಾಲತಾಣಗಳು ನಮ್ಮ ಬೆನ್ನು ಹತ್ತುವುದು ಸುಲಭವಾಗುತ್ತದೆ. ಹೀಗಾಗಿ ಫೋನು, ಗಣಕಗಳು ತಮ್ಮ ವಿಳಾಸದ ಒಂದು ಭಾಗವನ್ನು ಆಗಾಗ ತಾವೇ ಬದಲಾಯಿಸಿಕೊಳ್ಳುವ ಏರ್ಪಾಟನ್ನು ಖಾಸಗಿತನದ ರಕ್ಷಣೆಗೆಂದೇ ಮಾಡಲಾಗಿದೆ. ಅಂದರೆ ವಿಳಾಸದ ಬರ ನೀಗಿದರೂ ವಿಳಾಸದ ಬದಲಾವಣೆ ನಿಲ್ಲುವುದಿಲ್ಲ. ಬದಲಾಗುವುದೇ ಸಹಜ ಎಂದು ಒಪ್ಪಿಕೊಂಡು ಭದ್ರತೆಯನ್ನು ಕಟ್ಟಬೇಕಾಗಿದೆ.

ಹಾಗಿದ್ದರೆ ಜಾಲತಾಣಗಳು ಈ ಸಂಖ್ಯೆಯನ್ನು ನೆಚ್ಚಿಕೊಂಡದ್ದಾದರೂ ಏಕೆ? ಲಾಗಿನ್ ಆಗುವ ಬಗೆಯನ್ನು ತಿಳಿದರೆ ಉತ್ತರ ಸಿಗುತ್ತದೆ. ದರ್ಶಿನಿ ಹೋಟೆಲಿನಲ್ಲಿ ಹಣ ಕೊಟ್ಟು ಟೋಕನ್ ಪಡೆಯುತ್ತೇವೆ. ದೋಸೆ ಕೊಡುವಾತ ನಮ್ಮ ಮುಖ ನೋಡುವುದಿಲ್ಲ, ಟೋಕನ್ ನೋಡುತ್ತಾನೆ. ಜಾಲತಾಣವೂ ಒಮ್ಮೆ ಪಾಸ್‌ವರ್ಡ್ ಪರಿಶೀಲಿಸಿದ ಮೇಲೆ ನಮ್ಮ ಬ್ರೌಸರಿಗೆ ಇಂಥದೇ ಒಂದು ಗುಪ್ತ ಟೋಕನ್ ಕೊಡುತ್ತದೆ. ಮುಂದಿನ ಪ್ರತಿ ಪುಟಕ್ಕೂ ಅದೇ ಆಧಾರ. ಅದನ್ನು ಕದ್ದವನಿಗೆ ಪಾಸ್‌ವರ್ಡ್ ಬೇಕಿಲ್ಲ. ಈ ಅಪಾಯ ತಪ್ಪಿಸಲು ತಂತ್ರಜ್ಞರು ಕಂಡುಕೊಂಡ ಸುಲಭೋಪಾಯವೆಂದರೆ ಟೋಕನ್ನಿನ ಜೊತೆಗೆ ಐ.ಪಿ. ವಿಳಾಸವನ್ನೂ ಬರೆದಿಟ್ಟುಕೊಳ್ಳುವುದು, ಅದು ಬದಲಾದೊಡನೆ ಹೊರಗೆ ಹಾಕುವುದು. ಗಣಕವೊಂದು ದಿನವಿಡೀ ಒಂದೇ ಮೇಜಿನ ಮೇಲೆ, ಒಂದೇ ತಂತಿಗೆ ಜೋಡಿಸಿಕೊಂಡು ಇರುತ್ತಿದ್ದ ಕಚೇರಿಗಳಲ್ಲಿ ಇದು ಹೇಗೋ ನಡೆಯುತ್ತಿತ್ತು. ಇಂದು ಮನೆಯ ವೈ-ಫೈನಿಂದ ಹೊರಟು, ದಾರಿಯಲ್ಲಿ ಮೊಬೈಲ್ ಡೇಟಾ ಬಳಸಿ, ಕಚೇರಿಯ ಜಾಲವನ್ನು ಸೇರುವ ಒಬ್ಬನೇ ಮನುಷ್ಯ ಬೆಳಗಿನ ಹತ್ತು ಗಂಟೆಯೊಳಗೆ ಮೂರು ವಿಳಾಸಗಳನ್ನು ದಾಟಿರುತ್ತಾನೆ. ಮೊಬೈಲ್ ಕಂಪನಿಯ ಹೆಬ್ಬಾಗಿಲು ಇನ್ನೊಂದು ನಗರದಲ್ಲಿದ್ದರೆ ಕಾಡುಗೋಡಿಯಲ್ಲಿ ಕುಳಿತವನೂ ಚೆನ್ನೈನವನಾಗಿ ಕಾಣಿಸುತ್ತಾನೆ.

ಇದರಿಂದ ಆಗುವ ತೊಂದರೆ ಮಧ್ಯಮ ವರ್ಗದ ಶುಲ್ಕ ಪಾವತಿಗಷ್ಟೇ ಸೀಮಿತವಲ್ಲ. ಪೀಣ್ಯದಲ್ಲಿ ಹನ್ನೆರಡು ಜನರ ಯಂತ್ರಭಾಗ ತಯಾರಿಕೆಯ ಷೆಡ್ ನಡೆಸುವ ಪರಿಚಿತರೊಬ್ಬರಿದ್ದಾರೆ. ಅವರಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯೊಂದು ಬೇಡಿಕೆ ಪಟ್ಟಿ, ಬಿಲ್ಲು ಎಲ್ಲವನ್ನೂ ತನ್ನ ಜಾಲತಾಣದ ಮೂಲಕವೇ ನಡೆಸುತ್ತದೆ. ಮೊದಲೇ ನೋಂದಾಯಿಸಿದ ಐ.ಪಿ. ವಿಳಾಸದಿಂದ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಸ್ಥಿರ ವಿಳಾಸ ಬೇಕೆಂದರೆ ಅಂತರ್ಜಾಲ ಕಂಪನಿಗೆ ಹೆಚ್ಚುವರಿ ಹಣ ಕೊಡಬೇಕು. ಅದನ್ನು ಕೊಟ್ಟ ಮೇಲೂ, ಕೇಬಲ್ ತುಂಡಾದ ದಿನ ಬೇರೆ ಸಂಪರ್ಕದಿಂದ ಒಳಹೋಗುವಂತಿಲ್ಲ. ‘ಕಳ್ಳ ಬರ್ತಾನೋ ಇಲ್ವೋ ಗೊತ್ತಿಲ್ಲ ಸಾರ್, ನಾವಂತೂ ಒಳಗೆ ಹೋಗೋಕೆ ಆಗ್ತಿಲ್ಲ’ ಎಂದು ಅವರು ನಕ್ಕರು. ಅವರ ಕಚೇರಿಯ ಗೋಡೆಯಲ್ಲಿ ತೂಗುತ್ತಿದ್ದ ಕ್ಯಾಲೆಂಡರಿನ ಅಂಚಿನಲ್ಲಿ ಅದೇ ಜಾಲತಾಣದ ಪಾಸ್‌ವರ್ಡನ್ನು ಪೆನ್ನಿನಿಂದ ಬರೆದಿದ್ದರು. ಲೆಕ್ಕ ಬರೆಯುವವರು, ಮೇಲ್ವಿಚಾರಕರು, ಅವರ ಮಗ ಎಲ್ಲರಿಗೂ ಅದೊಂದೇ. ‘ಈ ಷೆಡ್ಡಿನಿಂದ ಮಾತ್ರ ತಾನೇ ತೆರೆಯೋದು, ಗೊತ್ತಾದ್ರೆ ಏನಾಗುತ್ತೆ?’ ಎಂಬುದು ಅವರ ಸಮಾಧಾನ. ತಪ್ಪು ಜಾಗದಲ್ಲಿ ಬೀಗ ಹಾಕಿದರೆ ಸರಿಯಾದ ಜಾಗದ ಬೀಗವನ್ನು ಜನ ಮರೆಯುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಷ್ಟೆಲ್ಲ ಕಾಟ ಸಹಿಸಿದರೆ ಕಳ್ಳನಾದರೂ ತಡೆಯಲ್ಪಡುತ್ತಾನೆಯೆ? ಅದೂ ಸಂದೇಹವೇ. 2010ರ ಅಕ್ಟೋಬರ್‌ನಲ್ಲಿ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶವೊಂದು ಬಿಡುಗಡೆಯಾಗಿ ಜಗತ್ತನ್ನು ಬೆಚ್ಚಿಬೀಳಿಸಿತು. ಕಾಫಿ ಅಂಗಡಿಯ ತೆರೆದ ವೈ-ಫೈ ಬಳಸುತ್ತಿರುವ ಪಕ್ಕದ ಮೇಜಿನವರ ಟೋಕನ್ನನ್ನು ಯಾರು ಬೇಕಾದರೂ ಒಂದು ಕ್ಲಿಕ್ಕಿನಲ್ಲಿ ಕದಿಯಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. ಆ ಅಂಗಡಿಯಲ್ಲಿ ಕಳ್ಳನಿಗೂ ಕಳೆದುಕೊಂಡವನಿಗೂ ಹೊರಜಗತ್ತಿಗೆ ಕಾಣುವ ಐ.ಪಿ. ವಿಳಾಸ ಒಂದೇ. ವಿಳಾಸದ ಪರೀಕ್ಷೆಯಲ್ಲಿ ಇಬ್ಬರೂ ಪಾಸು! ಆ ಕಳ್ಳತನಕ್ಕೆ ಮದ್ದಾಗಿ ಬಂದದ್ದು ವಿಳಾಸದ ಕಾವಲಲ್ಲ, ಇಡೀ ಸಂವಹನವನ್ನು ಗೂಢಲಿಪಿಯಲ್ಲಿ ಸಾಗಿಸುವ ಪದ್ಧತಿ. ಇಂದು ಬಹುತೇಕ ಜಾಲತಾಣಗಳು ಅದನ್ನು ಅಳವಡಿಸಿಕೊಂಡಿವೆ.

ಇನ್ನೂ ಗಂಭೀರವಾದ ಸಂಗತಿ 2024ರ ಮೇ ತಿಂಗಳಲ್ಲಿ ಹೊರಬಿತ್ತು. ಅಮೆರಿಕದ ನ್ಯಾಯಾಂಗ ಇಲಾಖೆಯು ‘911 ಎಸ್5’ ಎಂಬ ಜಾಲವನ್ನು ಭೇದಿಸಿತು. ಉಚಿತ ತಂತ್ರಾಂಶಗಳ ನೆಪದಲ್ಲಿ ಜಗತ್ತಿನಾದ್ಯಂತ ಮನೆಮನೆಯ ಗಣಕಗಳಿಗೆ ನುಸುಳಿದ್ದ ಈ ಜಾಲವು, ಆ ಮನೆಗಳ ಐ.ಪಿ. ವಿಳಾಸಗಳನ್ನು ವಂಚಕರಿಗೆ ಬಾಡಿಗೆಗೆ ಕೊಡುತ್ತಿತ್ತು. ಹೀಗೆ ಬಳಕೆಯಾದ ವಿಳಾಸಗಳು 1.9 ಕೋಟಿಗೂ ಹೆಚ್ಚು ಎಂದು ಇಲಾಖೆ ತಿಳಿಸಿತು. ಬ್ಯಾಂಕುಗಳು ಮನೆಯ ವಿಳಾಸವನ್ನು ನಂಬುತ್ತವೆ ಎಂದು ಗೊತ್ತಾದೊಡನೆ ಕಳ್ಳರು ಮನೆಯ ವಿಳಾಸವನ್ನೇ ತೊಟ್ಟು ಬಂದರು. ಎಲ್ಲೋ ಕುಳಿತ ವಂಚಕ ನಮ್ಮ ನಡುಮನೆಯಿಂದ ಹೊರಟವನಂತೆ ಕಾಣಿಸುತ್ತಾನೆ. ನಾಳೆ ತನಿಖಾಧಿಕಾರಿ ಆ ಸಂಖ್ಯೆಯ ಜಾಡು ಹಿಡಿದು ಬಂದರೆ ಬಾಗಿಲು ತೆರೆಯಬೇಕಾದವರು ನಾವು. 2007ರ ತರುಣನ ವಿಷಯದಲ್ಲಿ ದಾಖಲೆಯೇ ತಪ್ಪಿತ್ತು. ಇಲ್ಲಿ ದಾಖಲೆ ಸರಿಯಿದ್ದರೂ ಮನುಷ್ಯ ತಪ್ಪು.

ಹಾಗೆಂದು ಐ.ಪಿ. ವಿಳಾಸ ಪೂರ್ತಿ ನಿರುಪಯುಕ್ತ ಎಂದು ನಾನು ವಾದಿಸುತ್ತಿಲ್ಲ. ಬೆಳಿಗ್ಗೆ ಬೆಂಗಳೂರಿನಿಂದ ತೆರೆದ ಖಾತೆಯನ್ನು ಹತ್ತು ನಿಮಿಷದ ಬಳಿಕ ಪೂರ್ವ ಯೂರೋಪಿನಿಂದ, ಹೊಸ ಗಣಕದಿಂದ, ಮಧ್ಯರಾತ್ರಿಯ ವೇಳೆ ಯಾರೋ ತೆರೆಯಲೆತ್ನಿಸಿದರೆ ಎಚ್ಚರಗೊಳ್ಳದ ಬ್ಯಾಂಕು ಬ್ಯಾಂಕೇ ಅಲ್ಲ. ಕದ್ದ ಟೋಕನ್ನುಗಳ ಮಾರಾಟವೇ ದೊಡ್ಡ ದಂಧೆಯಾಗಿರುವ ಈ ದಿನಗಳಲ್ಲಿ ಪ್ರತಿ ಸುಳಿವಿಗೂ ಬೆಲೆಯಿದೆ. ಆದರೆ ಸುಳಿವು ಬೇರೆ, ಸಾಕ್ಷ್ಯ ಬೇರೆ. ಅಪರಿಚಿತ ವಿಳಾಸ ಕಂಡಾಗ ಇನ್ನೊಂದು ಪ್ರಶ್ನೆ ಕೇಳುವುದು ವಿವೇಕ. ಕೇಳದೆಯೇ ಬಾಗಿಲು ಹಾಕುವುದು ಸೋಮಾರಿತನ. ಅದೇ ರೀತಿ, ಪರಿಚಿತ ವಿಳಾಸ ಕಂಡೊಡನೆ ಕಣ್ಣುಮುಚ್ಚಿ ಒಳಬಿಡುವುದು ಅದಕ್ಕಿಂತ ದೊಡ್ಡ ಸೋಮಾರಿತನ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾಗಿ ಹೊರವರ್ತುಲ ರಸ್ತೆಯ ಕಚೇರಿಗಳೆಲ್ಲ ಸಾವಿರಾರು ಮನೆಗಳಿಗೆ ಹಂಚಿಹೋದಾಗ, ‘ಕಚೇರಿಯ ಜಾಲದೊಳಗಿನವರು ನಮ್ಮವರು, ಹೊರಗಿನವರು ಅನ್ಯರು’ ಎಂಬ ಹಳೆಯ ಗೆರೆ ತಾನಾಗಿಯೇ ಅಳಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಪ್ರಕಟಿಸಿದ ಮಾರ್ಗಸೂಚಿಯೂ ಜಾಲದಲ್ಲಿ ಇರುವ ಸ್ಥಾನವೊಂದೇ ನಂಬಿಕೆಗೆ ಆಧಾರವಾಗಕೂಡದು ಎಂಬ ತತ್ತ್ವವನ್ನೇ ಮುಂದಿಟ್ಟಿತು.

ಈ ಹಿನ್ನೆಲೆಯಲ್ಲಿ ನಮ್ಮ ರಿಸರ್ವ್ ಬ್ಯಾಂಕಿನ ನಡೆಯನ್ನು ಗಮನಿಸಬೇಕು. 2009ರ ಆಗಸ್ಟ್‌ನಿಂದಲೇ ಅಂತರ್ಜಾಲದಲ್ಲಿ ಕಾರ್ಡ್ ಮೂಲಕ ಮಾಡುವ ಪಾವತಿಗೆ ಎರಡನೆಯ ದೃಢೀಕರಣವನ್ನು ಅದು ಕಡ್ಡಾಯ ಮಾಡಿತ್ತು. ಅನೇಕ ಮುಂದುವರಿದ ದೇಶಗಳಿಗಿಂತ ಮುಂಚೆಯೇ ತೆಗೆದುಕೊಂಡ ಈ ಕ್ರಮ ಶ್ಲಾಘನೀಯ. 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಪಡಿಸಿದ ನಿರ್ದೇಶನಗಳಲ್ಲಿ, ಮೊಬೈಲಿಗೆ ಬರುವ ಸಂದೇಶವನ್ನಷ್ಟೇ ನೆಚ್ಚಿಕೊಳ್ಳದೆ ಬೇರೆ ದೃಢೀಕರಣ ವಿಧಾನಗಳಿಗೂ ಅವಕಾಶ ವಿಸ್ತರಿಸಲಾಗಿದೆ. ಗ್ರಾಹಕನಿರುವ ಸ್ಥಳ, ಉಪಕರಣ, ವ್ಯವಹಾರದ ರೂಢಿ ಮುಂತಾದವನ್ನು ಅಪಾಯದ ಅಳತೆಗೆ ಬಳಸಬಹುದೆಂದೂ ಹೇಳಲಾಗಿದೆ. ಇಲ್ಲಿಯೇ ಎಚ್ಚರ ಬೇಕಾಗಿರುವುದು. ‘ಸ್ಥಳ’ ಎಂಬುದನ್ನು ಬ್ಯಾಂಕುಗಳು ಐ.ಪಿ. ವಿಳಾಸವೆಂದೇ ಓದಿಕೊಂಡರೆ ಮಳೆಗಾಲದ ಪ್ರತಿ ಸಂಜೆಯೂ ಬೆಂಗಳೂರಿನ ಹೊರವಲಯದ ಅರ್ಧ ಜನ ಸಂಶಯಿತರಾಗುತ್ತಾರೆ.

ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ಬಳಕೆದಾರನ ಗುರುತನ್ನು ಆತನ ಕೈಯಲ್ಲಿರುವ ವಸ್ತುವಿಗೆ ಕಟ್ಟಬೇಕು. ಫೋನಿನೊಳಗೆ ಭದ್ರವಾಗಿದ್ದು, ಬೆರಳಚ್ಚಿನಿಂದ ತೆರೆಯುವ ಪಾಸ್‌ಕೀ ಎಂಬ ವ್ಯವಸ್ಥೆಗೆ 2022ರಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಬೆಂಬಲ ಘೋಷಿಸಿವೆ. ಅದು ಯಾವ ವಿಳಾಸದಿಂದ ಬಂದರೂ ಕೆಲಸ ಮಾಡುತ್ತದೆ. ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡಲು ಬರುವುದಿಲ್ಲ. ವಿಳಾಸ ಬದಲಾದರೆ ಖಾತೆಗೆ ಬೀಗ ಜಡಿಯುವ ಬದಲು ಮತ್ತೊಮ್ಮೆ ದೃಢೀಕರಣ ಕೇಳಿದರೆ ಸಾಕು. ಬೀಗ ಜಡಿಯಲೇಬೇಕಾದರೆ, ಅದೇ ದಿನ ಅದನ್ನು ತೆರೆಸಲು ಒಬ್ಬ ಮನುಷ್ಯ ಸಿಗುವಂತಿರಬೇಕು. ಪೀಣ್ಯದಂಥ ಸಣ್ಣ ಉದ್ಯಮಗಳ ಜೊತೆ ವ್ಯವಹರಿಸುವ ದೊಡ್ಡ ಕಂಪನಿಗಳು ಪ್ರತಿ ಉದ್ಯೋಗಿಗೂ ಪ್ರತ್ಯೇಕ ಲಾಗಿನ್ ಕೊಡುವಷ್ಟಾದರೂ ಶ್ರಮ ವಹಿಸಬೇಕು.

ತನಿಖೆಯ ಕಡೆಯ ಪಾಠ ಇನ್ನೂ ಮುಖ್ಯ. ಹಂಚಿಕೊಂಡ ವಿಳಾಸದ ಹಿಂದಿರುವವನನ್ನು ಹುಡುಕಲು ವಿಳಾಸ, ಕ್ಷಣದವರೆಗಿನ ಕರಾರುವಾಕ್ಕಾದ ವೇಳೆ, ಪೋರ್ಟ್ ಸಂಖ್ಯೆ ಮೂರೂ ಬೇಕು. ಜಾಲತಾಣಗಳು ಪೋರ್ಟ್ ಸಂಖ್ಯೆಯನ್ನೂ ದಾಖಲಿಸಬೇಕೆಂದು ಅಂತರ್ಜಾಲದ ಮಾನಕ ಮಂಡಳಿ 2011ರಲ್ಲಿಯೇ ಸಲಹೆ ನೀಡಿತ್ತು. ವಿಳಾಸ ಹಂಚಿಕೆಯಿಂದ ಅಪರಾಧಿಗಳ ಪತ್ತೆ ಕಷ್ಟವಾಗಿದೆ, ನಿರಪರಾಧಿಗಳು ತನಿಖೆಯ ಸುಳಿಗೆ ಸಿಲುಕುವ ಸಾಧ್ಯತೆಯಿದೆ ಎಂಬ ಕಳವಳವನ್ನು ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ 2017ರಲ್ಲಿ ಬಹಿರಂಗವಾಗಿಯೇ ವ್ಯಕ್ತಪಡಿಸಿತು. ವಿದೇಶಿ ಜಾಲತಾಣಗಳ ದಾಖಲೆಗಳು ಸಾಮಾನ್ಯವಾಗಿ ಅಂತರರಾಷ್ಟ್ರೀಯ ಕಾಲಮಾನದಲ್ಲಿರುತ್ತವೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಈ ಲೆಕ್ಕ ತಪ್ಪಿದರೆ ಪೊಲೀಸ್ ಜೀಪು ಇನ್ನೊಬ್ಬರ ಮನೆಯ ಮುಂದೆ ನಿಲ್ಲುತ್ತದೆ. ಎಲ್ಲ ಸಂಸ್ಥೆಗಳೂ ತಮ್ಮ ಗಣಕಗಳ ಗಡಿಯಾರವನ್ನು ರಾಷ್ಟ್ರೀಯ ಭೌತ ಪ್ರಯೋಗಾಲಯ ಅಥವಾ ಎನ್.ಐ.ಸಿ.ಯ ಕಾಲಮಾನದೊಂದಿಗೆ ಹೊಂದಿಸಿಕೊಂಡಿರಬೇಕು, ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕು ಎಂದು ಕೇಂದ್ರದ ಗಣಕ ತುರ್ತು ಸ್ಪಂದನಾ ಸಂಸ್ಥೆ ‘ಸರ್ಟ್-ಇನ್’ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಗಡಿಯಾರ ಸರಿಯಾಯಿತು ಎಂದಿಟ್ಟುಕೊಳ್ಳೋಣ. ಆದರೂ ಆ ಸಂಖ್ಯೆ ತೋರಿಸುವುದು ಒಂದು ಸಂಪರ್ಕವನ್ನು ಮಾತ್ರ. ಅದನ್ನು ಬಳಸಿದವನು ಮನೆಯೊಡೆಯನೋ, ಮಗನೋ, ವೈ-ಫೈ ಪಾಸ್‌ವರ್ಡ್ ಕೇಳಿ ಪಡೆದ ನೆರೆಯವನೋ, ದೂರದೇಶದ ವಂಚಕನೋ ಎಂಬುದನ್ನು ಅದು ಹೇಳಲಾರದು. ಹೀಗಾಗಿ ಐ.ಪಿ. ವಿಳಾಸವೊಂದನ್ನೇ ಆಧರಿಸಿ ಯಾರನ್ನೂ ಬಂಧಿಸಕೂಡದು. ಅದು ತನಿಖೆಯ ಮೊದಲ ಮೆಟ್ಟಿಲಾಗಬೇಕೇ ಹೊರತು ಕೊನೆಯದಲ್ಲ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಾಲಿಟ್ಟಂದಿನಿಂದ ಜಗತ್ತಿನ ಗಣಕಗಳಿಗೆ ಬುದ್ಧಿ ಹೇಳಿಕೊಡುತ್ತ ಬಂದ ಊರು ನಮ್ಮದು. ಯಾರು ಒಳಬರಬಹುದು, ಯಾರು ಬರಬಾರದು ಎಂದು ನಿರ್ಧರಿಸುವ ತಂತ್ರಾಂಶಗಳ ಎಷ್ಟೋ ಸಾಲುಗಳನ್ನು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಎಂಜಿನಿಯರುಗಳೇ ಬರೆಯುತ್ತಾರೆ. ಆ ಸಾಲುಗಳನ್ನು ಬರೆಯುವಾಗ ಅವರು ತಮ್ಮದೇ ಮನೆಯ ಆರಿ ಹೊತ್ತಿಕೊಳ್ಳುವ ರೂಟರನ್ನು ನೆನೆಸಿಕೊಂಡರೆ ಒಳಿತು. ತಮ್ಮಂತೆಯೇ ಒಂದು ದಿನ ಎಂದಿನಂತೆ ಎದ್ದು ಕೆಲಸಕ್ಕೆ ಹೊರಡಬೇಕಿದ್ದ, ಬದಲಿಗೆ ಪೊಲೀಸರೊಂದಿಗೆ ಪುಣೆಗೆ ಹೋಗಬೇಕಾಗಿ ಬಂದ ಆ ತರುಣನನ್ನೂ ನೆನೆಸಿಕೊಳ್ಳಬೇಕು. ಆತ ಕಳೆದುಕೊಂಡ 50 ದಿನಗಳನ್ನು ಯಾವ ತಂತ್ರಾಂಶವೂ ಮರಳಿಸಲಾರದು.